ಕಬ್ಬಾಳದುರ್ಗದ ಕಲ್ಲು

1734ರಲ್ಲಿ ಮೈಸೂರಿನ ದೊರೆ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ, ದಳವಾಯಿ ದೇವರಾಜಯ್ಯನ ಕಡೆಯವರು ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ಕನಕಪುರ ಸೀಮೆಯ ಆ ಕಡಿದಾದ ಬೆಟ್ಟದಲ್ಲೇ ಒಡೆಯರ ಆಯುಷ್ಯ ಮುಗಿಯಿತು. ಅರಸನನ್ನು ಹೊತ್ತ ಆ ಬಂಡೆಯಾದರೋ ಅದಕ್ಕೂ ಕೋಟ್ಯಂತರ ವರ್ಷ ಮೊದಲೇ ಇನ್ನೂ ಘೋರವಾದ ಸೆರೆಯನ್ನು ಉಂಡು ಬಂದಿತ್ತು.

ಅದರ ವಂಶದ ಮೂಲಪುರುಷ ನೈಸ್ ಶಿಲೆ. ಸುಮಾರು 300 ಕೋಟಿ ವರ್ಷಗಳ ಹಿಂದೆ ಅಗ್ನಿಶಿಲೆಯಾಗಿ ಹುಟ್ಟಿ, ನೆಲದಾಳದ ಒತ್ತಡಕ್ಕೆ ಸಿಕ್ಕಿ, ಬಿಳಿ ಕಪ್ಪು ಪಟ್ಟೆಗಳಾಗಿ ಬೇರ್ಪಟ್ಟ ಬೂದುಬಣ್ಣದ ಕಲ್ಲು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವುದೂ ಇದೇ ಕುಲದ ಬಂಡೆಯ ಮೇಲೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ನೆಲಕ್ಕೆ ಮಹಾತಾಪದ ಕಾಲ ಒದಗಿತು. ಈಗ ಕಬ್ಬಾಳದಲ್ಲಿ ಬಿಸಿಲಿಗೆ ಮೈಯೊಡ್ಡಿರುವ ಕಲ್ಲು ಆಗ ಸುಮಾರು 20 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಬೇಗೆಯಲ್ಲಿತ್ತು. ಪೂರ್ತಿ ಕರಗಿ ಹರಿದಿದ್ದರೆ ಮತ್ತೆ ಅಗ್ನಿಶಿಲೆಯೇ ಆಗಿಬಿಡುತ್ತಿತ್ತು, ಬಹುಪಾಲು ಕರಗಲಿಲ್ಲ. ಕಲ್ಲು ಗಟ್ಟಿಯಾಗಿದ್ದಂತೆಯೇ ಒಳಗಿನ ಹಳೆಯ ಹರಳುಗಳು ಅಳಿದು, ಅವುಗಳ ದ್ರವ್ಯದಿಂದಲೇ ಹೊಸ ಹರಳುಗಳು ಬೆಳೆದವು. ರೂಪಾಂತರ ಶಿಲೆ ಎಂಬ ಬಿರುದು ಸಲ್ಲುವುದು ಇಂಥ ಬಾಳಿಗೆ.

ನೈಸಿನ ಕಪ್ಪು ಪಟ್ಟೆಗಳಲ್ಲಿರುವ ಕಾಗೆಬಂಗಾರ ಮತ್ತು ಹಾರ್ನ್‌ಬ್ಲೆಂಡ್ ತಮ್ಮ ಹರಳಿನೊಳಗೇ ನೀರಿನ ಅಂಶವನ್ನು ಕಟ್ಟಿಟ್ಟುಕೊಂಡ ಖನಿಜಗಳು. ಬೇಗೆ ಏರಿ, ಸುತ್ತಲಿನ ನೀರಿನ ಪ್ರಾಬಲ್ಯ ಕುಗ್ಗಿದಾಗ ಅವು ಆ ನೀರನ್ನು ಬಿಟ್ಟುಕೊಟ್ಟು ನಾಶವಾದವು. ಅವುಗಳ ಜಾಗಕ್ಕೆ ಹೈಪರ್ಸ್ತೀನ್ ಎಂಬ ನೀರಿಲ್ಲದ ಖನಿಜ ಬಂದಿತು. ಹಾಗೆ ಹುಟ್ಟಿದ್ದು ಎಣ್ಣೆ ಸವರಿದಂತೆ ಮಿರುಗುವ ಕಪ್ಪುಹಸಿರು ಕಲ್ಲು, ಚಾರ್ನಕೈಟ್.

ಹೆಸರಿನ ಕಥೆ ಬೇರೆಯೇ ಊರಿನದು. ಈ ಜಾತಿಯ ಕಲ್ಲನ್ನು ಮದರಾಸಿನ ಬಳಿಯ ಪಲ್ಲಾವರಂ ಗುಡ್ಡಗಳಲ್ಲಿ ಅಭ್ಯಾಸ ಮಾಡಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್, 1893ರಲ್ಲಿ ಅದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಕ್‌ನ ಹೆಸರಿಟ್ಟ. ಕಲ್ಕತ್ತೆಯಲ್ಲಿರುವ ಚಾರ್ನಕ್‌ನ ಗೋರಿಯ ಫಲಕ ಇದೇ ಕಲ್ಲಿನದು. ಇದು ಕರಗಿದ ದ್ರವ ಆರಿ ಆದ ಶಿಲೆ ಎಂಬುದು ಹಾಲೆಂಡನ ನಿಲುವು. ಅಲ್ಲ, ರೂಪಾಂತರದ ಫಲ ಎಂದವರೂ ಇದ್ದರು. ವಾದ ದಶಕಗಟ್ಟಲೆ ಎಳೆಯಿತು.

ಆ ವಾದಕ್ಕೆ ಸಾಕ್ಷಿ ನುಡಿದದ್ದು ಕಬ್ಬಾಳದುರ್ಗದ ತಪ್ಪಲಿನ ಕಲ್ಲುಗಣಿ. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು ಅಲ್ಲಿ ಕಂಡದ್ದನ್ನು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಣಿಯ ಸೀಳಿದ ಮುಖದಲ್ಲಿ ಬೂದು ನೈಸಿನ ಪಟ್ಟೆಯೊಂದು ನೇರವಾಗಿ ಬರುತ್ತದೆ. ಗೇಣು ದೂರದಲ್ಲೇ ಕಪ್ಪುಹಸಿರು ಮಚ್ಚೆಯೊಳಗೆ ಹೊಕ್ಕು ಮಸುಕಾಗಿ, ಅಲ್ಲೇ ಕಾಣೆಯಾಗುತ್ತದೆ. ಹೊರಗಿನಿಂದ ದ್ರವ ನುಗ್ಗಿದ್ದರೆ ಪಟ್ಟೆ ಕತ್ತರಿಸಿದಂತೆ ತುಂಡಾಗಬೇಕಿತ್ತು. ಇಲ್ಲಿ ಹಾಗಿಲ್ಲ, ನೈಸು ನಿಂತಲ್ಲೇ ಚಾರ್ನಕೈಟಾಗಿದೆ, ಅರ್ಧಕ್ಕೆ ನಿಂತೂ ಇದೆ. ಇಷ್ಟು ನಿಚ್ಚಳವಾದ ಸಾಕ್ಷ್ಯ ಭೂವಿಜ್ಞಾನದಲ್ಲಿ ಅಪರೂಪವೆಂದೇ ನನ್ನ ಎಣಿಕೆ.

ಮಚ್ಚೆ ಅಲ್ಲಲ್ಲಿ ಮಾತ್ರ ಏಕೆ? 1979ರಲ್ಲಿ ಎ. ಎಸ್. ಜನಾರ್ಧನ್ ಮತ್ತು ಸಂಗಡಿಗರು ಕೊಟ್ಟ ಉತ್ತರ ಇಂಗಾಲದ ಡೈಆಕ್ಸೈಡಿನ ಕಡೆ ಬೆರಳು ಮಾಡಿತು. ಆಳದಿಂದ ಬಿರುಕುಗಳ ಗುಂಟ ಏರಿದ ಅನಿಲ ಹಾದಲ್ಲೆಲ್ಲ ನೀರು ಹಿಮ್ಮೆಟ್ಟಿತು, ಕಲ್ಲು ಬದಲಾಯಿತು. ಹಾಯದಲ್ಲಿ ನೈಸು ನೈಸಾಗಿಯೇ ಉಳಿಯಿತು.

ಕಾಲಾಂತರದಲ್ಲಿ ಮೇಲಿನ ಹೊದಿಕೆಯೆಲ್ಲ ಸವೆದು ಆ ಆಳ ಬಯಲಿಗೆ ಬಂತು. ದಕ್ಷಿಣಕ್ಕೆ ಸರಿದಷ್ಟೂ ಈ ಸವೆತ ಹೆಚ್ಚು, ಬಯಲಾದ ಆಳವೂ ಹೆಚ್ಚು. ಚಿತ್ರದುರ್ಗದ ಕಡೆ ಕಡಿಮೆ ಬೇಗೆ ಕಂಡ ಹಸಿರು ಶಿಸ್ಟುಗಳಿದ್ದರೆ, ಕಬ್ಬಾಳದಲ್ಲಿ ಚಾರ್ನಕೈಟು ಮಚ್ಚೆಮಚ್ಚೆಯಾಗಿ ತಲೆದೋರುತ್ತದೆ. ಇನ್ನೂ ತೆಂಕಣಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ ಸೀಮೆಯೆಲ್ಲ ಅದರದೇ ಆಳ್ವಿಕೆ.