ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋದ ನಗರ, ಮತ್ತೆ ವಿಂಡೋಸ್‌ಗೆ ಯಾಕೆ ಬಂತು? ಮ್ಯೂನಿಕ್ ಕಥೆ

ಇವತ್ತಿನ ಎಪಿಸೋಡ್ ಕಂಪ್ಯೂಟರ್ ಬಗ್ಗೆ. ಆದರೆ ಟೆಕ್ ರಿವ್ಯೂ ಅಲ್ಲ, ಇತಿಹಾಸ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ನಿಮ್ಮ ಮನೆಯಲ್ಲೋ ಆಫೀಸಲ್ಲೋ ಹಳೇ ಲ್ಯಾಪ್‌ಟಾಪ್ ಇದ್ರೆ ಆ ಮೆಸೇಜ್ ನೋಡಿರ್ತೀರಿ. ವಿಂಡೋಸ್ 11ಕ್ಕೆ ಹೋಗಿ ಅಂತಾರೆ, ಆದ್ರೆ ಎಷ್ಟೋ ಹಳೇ ಮೆಷಿನ್‌ಗಳಲ್ಲಿ ಅದು ಇನ್‌ಸ್ಟಾಲ್ ಆಗಲ್ಲ. ಮೆಷಿನ್ ಚೆನ್ನಾಗೇ ಓಡ್ತಿದೆ, ಆದ್ರೂ ಹೊಸದು ತಗೋಬೇಕಾ? ಅಥವಾ ಯಾರೋ ಫ್ರೆಂಡ್ ಹೇಳ್ದಂಗೆ ಲಿನಕ್ಸ್ ಹಾಕ್ಕೊಂಡ್ಬಿಡೋದಾ?

ಇದೇ ಪ್ರಶ್ನೆ 20 ವರ್ಷಕ್ಕೂ ಮುಂಚೆ ಒಂದು ಇಡೀ ನಗರದ ಮುಂದೆ ಬಂದಿತ್ತು. ಒಂದೆರಡಲ್ಲ, ಸುಮಾರು 14 ಸಾವಿರ ಕಂಪ್ಯೂಟರ್‌ಗಳ ಪ್ರಶ್ನೆ. ಆ ನಗರ ಜರ್ಮನಿಯ ಮ್ಯೂನಿಕ್.

2003ರ ಹೊತ್ತಿಗೆ ಮ್ಯೂನಿಕ್ ನಗರಾಡಳಿತದ ಕಂಪ್ಯೂಟರ್‌ಗಳಲ್ಲಿ ಓಡ್ತಾ ಇದ್ದದ್ದು ವಿಂಡೋಸ್ ಎನ್‌ಟಿ 4. ಅದು 1996ರಲ್ಲಿ ಬಂದ ಸಿಸ್ಟಮ್. ನಮ್ಮ ಮಹಾನಗರ ಪಾಲಿಕೆ ಮಾಡೋ ಥರದ ಕೆಲಸಗಳೆಲ್ಲ ಅದರ ಮೇಲೇ ನಡೀತಿದ್ವು. ಅಷ್ಟರಲ್ಲಿ ಎನ್‌ಟಿ 4ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲೋ ಸಮಯ ಬಂತು. ಅಂದ್ರೆ ನಗರ ಸುಮ್ಮನೆ ಇದ್ದಲ್ಲೇ ಇರೋ ಹಾಗಿಲ್ಲ. ಹೇಗಿದ್ರೂ ಬದಲಾಗಲೇಬೇಕು. ಯಾವ ಕಡೆ ಅನ್ನೋದಷ್ಟೇ ಪ್ರಶ್ನೆ.

ಇದನ್ನ ನೆನಪಲ್ಲಿ ಇಟ್ಕೊಳ್ಳಿ. ಮ್ಯೂನಿಕ್ ಆದರ್ಶಕ್ಕೋಸ್ಕರ ಬೆಳಗ್ಗೆ ಎದ್ದು ಲಿನಕ್ಸ್‌ಗೆ ಹೊರಡಲಿಲ್ಲ. ಓನರ್ ಮನೆ ಖಾಲಿ ಮಾಡಿ ಅಂದ್ಮೇಲೆ ಬೇರೆ ಏರಿಯಾನೂ ನೋಡೋಣ ಅಂತ ಹೊರಟ ಬಾಡಿಗೆದಾರನ ಪರಿಸ್ಥಿತಿ ಅದು.

ಒಂದು ಕಡೆ ಮೈಕ್ರೋಸಾಫ್ಟ್. ಇನ್ನೊಂದು ಕಡೆ ಐಬಿಎಂ ಮತ್ತು ಸೂಸೆ ಅನ್ನೋ ಜರ್ಮನ್ ಲಿನಕ್ಸ್ ಕಂಪನಿ. ಆಗ ಮ್ಯೂನಿಕ್ ಮೇಯರ್ ಕ್ರಿಸ್ಟಿಯಾನ್ ಊಡೆ. ಸುದ್ದಿ ಎಷ್ಟು ದೊಡ್ಡದಾಯ್ತು ಅಂದ್ರೆ, ಮೈಕ್ರೋಸಾಫ್ಟ್‌ನ ಆಗಿನ ಸಿಇಒ ಸ್ಟೀವ್ ಬಾಲ್ಮರ್ ಸ್ವಿಟ್ಜರ್ಲೆಂಡ್‌ನಲ್ಲಿ ಸ್ಕೀಯಿಂಗ್ ರಜೆಯಲ್ಲಿದ್ದವರು, ರಜೆ ನಡುವೆಯೇ ಮ್ಯೂನಿಕ್‌ಗೆ ಬಂದು ಮೇಯರ್‌ನ ಭೇಟಿ ಮಾಡಿದ್ರು. ಕಂಪನಿ ರೇಟನ್ನೂ ಇಳಿಸ್ತು. ಆಗಿನ ಅಮೆರಿಕದ ಪತ್ರಿಕೆಗಳ ವರದಿ ಪ್ರಕಾರ ಕೊನೆಗೆ ಮೈಕ್ರೋಸಾಫ್ಟ್ ಆಫರ್ ಲಿನಕ್ಸ್ ಆಫರ್‌ಗಿಂತ ಕಡಿಮೆಯೇ ಆಗಿತ್ತು.

ಆದ್ರೂ 2003ರ ಮೇ 28ರಂದು ನಗರ ಸಭೆ ಲಿನಕ್ಸ್ ಕಡೆ ಮತ ಹಾಕ್ತು. 2004ರ ಜೂನ್‌ನಲ್ಲಿ ಅದನ್ನ ಖಚಿತ ಮಾಡ್ತು. ಯೋಜನೆಗೆ ಲಿಮುಕ್ಸ್ ಅಂತ ಹೆಸರು.

ಬಿಕಾಂ ಓದಿದೋರಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತೆ. ಕಡಿಮೆ ಟೆಂಡರ್ ಇದ್ದಾಗ ಜಾಸ್ತಿದು ಯಾಕೆ ತಗೊಂಡ್ರು? ಅವರ ಲೆಕ್ಕ ಬೇರೆ ಇತ್ತು. ಇವತ್ತಿನ ಬೆಲೆ ಒಂದೇ ನೋಡಿದ್ರೆ ಸಾಲದು. ಮುಂದಿನ ಸಲ ಇದೇ ಕಂಪನಿ ಸಪೋರ್ಟ್ ನಿಲ್ಲಿಸಿದಾಗ ನಮಗೆ ಬೇಡ ಅನ್ನೋ ಶಕ್ತಿ ಇರುತ್ತಾ? ನಗರ ದುಡ್ಡು ಕೊಟ್ಟು ಕೊಂಡ್ಕೊಂಡದ್ದು ಆ ಶಕ್ತಿಯನ್ನ. ಬಾಲನ್ಸ್ ಶೀಟ್‌ನಲ್ಲಿ ಅದಕ್ಕೆ ಕಾಲಂ ಇಲ್ಲ. ಈ ಇಡೀ ಕಥೆಯ ಜಗಳ ಶುರುವಾಗೋದು ಅಲ್ಲೇ.

ಈಗ ನಿಜವಾದ ಕೆಲಸಕ್ಕೆ ಬರೋಣ. 2004ರಲ್ಲಿ ನಿರ್ಧಾರ ಆಯ್ತು. ಮೊದಲ ಲಿನಕ್ಸ್ ಕಂಪ್ಯೂಟರ್ ನೌಕರರ ಟೇಬಲ್ ಮೇಲೆ ಬಂದದ್ದು ಯಾವಾಗ? 2006ರಲ್ಲಿ. ಎಲ್ಲ ಮುಗೀತು ಅಂತ ಘೋಷಣೆ ಆಗಿದ್ದು 2013ರ ಕೊನೆಗೆ. ನಿರ್ಧಾರದಿಂದ ಲೆಕ್ಕ ಹಾಕಿದ್ರೆ ಸುಮಾರು ಹತ್ತು ವರ್ಷ.

ಒಂದು ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕೋಕೆ ಅರ್ಧ ಗಂಟೆ ಸಾಕು. ಹಾಗಾದ್ರೆ ಹತ್ತು ವರ್ಷ ಏನು ಮಾಡ್ತಿದ್ರು?

ಮೊದಲ ತೊಂದರೆ ಕಾನೂನಿಂದು. 2004ರಲ್ಲಿ ಯುರೋಪಿನಲ್ಲಿ ಸಾಫ್ಟ್‌ವೇರ್ ಪೇಟೆಂಟ್ ಬಗ್ಗೆ ಚರ್ಚೆ ಜೋರಾಗಿತ್ತು. ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ ಅನ್ನೋ ಭಯಕ್ಕೆ ಕೆಲಸ ಸ್ವಲ್ಪ ಕಾಲ ನಿಂತು, ಆಮೇಲೆ ಮುಂದುವರೀತು.

ಎರಡನೇದೇ ಅಸಲಿ ತೊಂದರೆ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸೋಣ ಅಂತ ಹೊರಟವರಿಗೆ, ತಮ್ಮ ಆಡಳಿತದ ಒಳಗೆ ನಿಜವಾಗಿ ಏನಿದೆ ಅಂತಲೇ ಗೊತ್ತಿರಲಿಲ್ಲ. ನಗರದಲ್ಲಿ 20ಕ್ಕೂ ಹೆಚ್ಚು ಬೇರೆ ಬೇರೆ ಐಟಿ ವಿಭಾಗಗಳಿದ್ವು. ಪ್ರತಿಯೊಂದಕ್ಕೂ ಅದರದ್ದೇ ಪದ್ಧತಿ. ಪ್ರತಿ ಇಲಾಖೆಯಲ್ಲೂ ವರ್ಡ್ ಟೆಂಪ್ಲೇಟ್‌ಗಳು, ಫಾರ್ಮ್‌ಗಳು, ಮ್ಯಾಕ್ರೋಗಳು. ಮ್ಯಾಕ್ರೋ ಅಂದ್ರೆ ವರ್ಡ್, ಎಕ್ಸೆಲ್ ಒಳಗೆ ಬರೆದಿಡೋ ಪುಟ್ಟ ಪ್ರೋಗ್ರಾಂ. ಒಂದು ಬಟನ್ ಒತ್ತಿದ್ರೆ ಹೆಸರು, ವಿಳಾಸ, ದಿನಾಂಕ ಎಲ್ಲ ತಾನೇ ತುಂಬಿಕೊಂಡು ನೋಟಿಸ್ ರೆಡಿ ಆಗುತ್ತಲ್ಲ, ಅದು. ಇಂಥವೆಲ್ಲ ಸೇರಿ ಸಾವಿರಗಟ್ಟಲೆ ಇದ್ವು. ಹಲವನ್ನ ಯಾರೋ ನೌಕರರು ಯಾವಾಗಲೋ ತಮ್ಮ ಅನುಕೂಲಕ್ಕೆ ಬರೆದಿದ್ದು. ಅವು ಓಡೋದು ಮೈಕ್ರೋಸಾಫ್ಟ್ ಆಫೀಸ್ ಒಳಗೆ ಮಾತ್ರ.

ಹಾಗಾಗಿ ಅವರು ಮೊದಲು ವಿಂಡೋಸ್ ಮೇಲೇ ಓಪನ್‌ಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್ ಹಾಕಿದ್ರು. ಜನರ ಕೈಗೆ ಅಭ್ಯಾಸ ಆದ್ಮೇಲೆ ಅಡಿಯಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಕೂರಿಸೋದು ಅಂತ ಪ್ಲಾನ್. ಟೆಂಪ್ಲೇಟ್‌ಗಳ ಕಾಡನ್ನ ಸಂಭಾಳಿಸೋಕೆ ನಗರದ ತಂಡವೇ ವೋಲ್‌ಮುಕ್ಸ್ ಅನ್ನೋ ಸಾಫ್ಟ್‌ವೇರ್ ಬರೀತು. 2008ರಲ್ಲಿ ಅದನ್ನ ಓಪನ್ ಸೋರ್ಸ್ ಆಗಿ, ಯಾರು ಬೇಕಾದ್ರೂ ಬಳಸಲಿ ಅಂತ ಬಿಟ್ಟುಕೊಟ್ರು. ಜನರ ತೆರಿಗೆ ದುಡ್ಡಲ್ಲಿ ಒಂದು ನಗರಾಡಳಿತ ಮಾಡಿದ್ದು, ಬೇರೆ ಊರಿನವರಿಗೂ ಪುಕ್ಕಟೆ ಸಿಕ್ತು.

ಈ ತೊಂದರೆ ನಮಗೆ ಹೊಸದೇನಲ್ಲ. ಹತ್ತು ಹದಿನೈದು ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿದ ಕನ್ನಡ ಫೈಲ್ ಯಾರಾದ್ರೂ ಕಳಿಸಿದಾಗ, ನಿಮ್ಮ ಫೋನ್‌ನಲ್ಲಿ ಓಪನ್ ಮಾಡಿ ನೋಡಿದೀರಾ? ಎಷ್ಟೋ ಸಲ ಕನ್ನಡದ ಬದಲು ಅರ್ಥವೇ ಆಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ಕಾರಣ ಇಷ್ಟೇ: ಆಗ ಅಕ್ಷರ ಸೇವ್ ಆಗ್ತಿದ್ದದ್ದು ಯೂನಿಕೋಡ್‌ನಲ್ಲಿ ಅಲ್ಲ, ಆ ಫಾಂಟ್‌ನ ಸ್ವಂತ ಲೆಕ್ಕದಲ್ಲಿ. ಫಾಂಟ್ ಇರೋ ವಿಂಡೋಸ್ ಮೆಷಿನ್‌ನಲ್ಲಿ ಅದು ಕನ್ನಡ, ಬೇರೆ ಕಡೆ ಬರೀ ಗೀಚು. ಈಗ ನುಡಿಯಲ್ಲೂ ಯೂನಿಕೋಡ್ ಇದೆ, ಪರಿವರ್ತಕಗಳೂ ಇವೆ. ಆದರೆ ಹಳೇ ಫೈಲ್‌ಗಳು ತಾವಾಗೇ ಬದಲಾಗಲ್ಲ, ಯಾರಾದ್ರೂ ಕೂತು ಬದಲಾಯಿಸಬೇಕು. ಮ್ಯೂನಿಕ್‌ನವರ ಮ್ಯಾಕ್ರೋ ಕಥೆನೂ ಇದೇ ಜಾತಿದು. ಬೀಗ ಹಾಕಿರೋದು ಆಪರೇಟಿಂಗ್ ಸಿಸ್ಟಮ್‌ಗೆ ಅಂತ ನಾವು ಅಂದ್ಕೋತೀವಿ, ಆದ್ರೆ ಬೀಗ ಇರೋದು ನಮ್ಮದೇ ಫೈಲ್‌ಗಳಲ್ಲಿ.

ಕಾಮರ್ಸ್‌ನಲ್ಲಿ ಇದಕ್ಕೆ ಸ್ವಿಚಿಂಗ್ ಕಾಸ್ಟ್ ಅಂತಾರೆ. ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸಿದೋರಿಗೆ ವಿವರಿಸೋದೇ ಬೇಡ. ಹೊಸ ಮನೆ ಬಾಡಿಗೆ ಒಂದು ಸಾವಿರ ಕಮ್ಮಿ ಅಂತ ಹೊರಡ್ತೀರಿ. ಹಳೇ ಓನರ್ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಮುರ್ಕೋತಾರೆ, ಟೆಂಪೋದವನಿಗೆ ಬಾಡಿಗೆ, ಗ್ಯಾಸ್ ಕನೆಕ್ಷನ್ ಅಡ್ರೆಸ್, ಮಕ್ಕಳ ಸ್ಕೂಲ್ ವ್ಯಾನ್. ಬಾಡಿಗೆ ಕರಾರಿನಲ್ಲಿ ಇದ್ಯಾವುದೂ ಬರೆದಿರಲ್ಲ.

ಸರಿ, 2013ಕ್ಕೆ ಬರೋಣ. ನಗರದ 15 ಸಾವಿರದ ಹತ್ತಿರ ಕಂಪ್ಯೂಟರ್‌ಗಳು ಲಿನಕ್ಸ್‌ನಲ್ಲಿ ಓಡ್ತಿವೆ. ಗೆದ್ರಾ? ಲೆಕ್ಕ ಕೇಳಿದ್ರೆ ಎರಡು ಉತ್ತರ ಸಿಗುತ್ತೆ. 2012ರ ಕೊನೆಗೆ ನಗರ ಹೇಳಿದ್ದು: ಲಿನಕ್ಸ್‌ಗೆ ಆದ ಖರ್ಚು ಸುಮಾರು 2.3 ಕೋಟಿ ಯೂರೋ, ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಆಫೀಸ್‌ನಲ್ಲೇ ಮುಂದುವರಿದಿದ್ರೆ ಸುಮಾರು 3.4 ಕೋಟಿ ಆಗ್ತಿತ್ತು. ಅಂದ್ರೆ ಒಂದು ಕೋಟಿ ಯೂರೋಗಿಂತ ಜಾಸ್ತಿ ಉಳಿತಾಯ. ಸ್ವಲ್ಪ ದಿನಕ್ಕೇ, ಮೈಕ್ರೋಸಾಫ್ಟ್ ಪರವಾಗಿ ಎಚ್‌ಪಿ ಮಾಡಿದ ಅಧ್ಯಯನ ಹೊರಗೆ ಬಂತು. ಅದರ ಪ್ರಕಾರ ಲಿನಕ್ಸ್ ಖರ್ಚು 6 ಕೋಟಿಗೂ ಹೆಚ್ಚು, ಮೈಕ್ರೋಸಾಫ್ಟ್ ದಾರಿಯಲ್ಲಿ ಬರೀ 1.7 ಕೋಟಿ! ನಗರ ಅದನ್ನ ಒಪ್ಪಲಿಲ್ಲ.

ಒಂದೇ ನಗರ, ಒಂದೇ ಕೆಲಸ, ಎರಡು ತದ್ವಿರುದ್ಧ ಲೆಕ್ಕ. ಇಂಥ ಲೆಕ್ಕದಲ್ಲಿ ಉತ್ತರ ನಿಂತಿರೋದು ಯಾವ ಖರ್ಚನ್ನ ಯಾವ ಕಾಲಂಗೆ ಹಾಕ್ತೀರಿ ಅನ್ನೋದರ ಮೇಲೆ. ಹೇಗಿದ್ರೂ ಆಗ್ತಿದ್ದ ಟ್ರೈನಿಂಗ್ ಖರ್ಚನ್ನ ಲಿನಕ್ಸ್ ತಲೆಗೆ ಕಟ್ಟಬೇಕಾ? ಹಳೇ ಟೆಂಪ್ಲೇಟ್ ಕ್ಲೀನ್ ಮಾಡಿದ ಸಂಬಳ ಯಾವ ಲೆಕ್ಕಕ್ಕೆ? ಮುಂದಿನ ಸಲ ಇಂಥ ಲೆಕ್ಕ ಯಾರಾದ್ರೂ ತೋರಿಸಿದಾಗ ಮೊತ್ತ ನೋಡೋಕೆ ಮುಂಚೆ ಕಾಲಂ ನೋಡಿ, ಲೆಕ್ಕ ಮಾಡಿಸಿದ್ದು ಯಾರು ಅಂತ ಕೇಳಿ.

2014ರಲ್ಲಿ ಮೇಯರ್ ಬದಲಾದ್ರು. ಊಡೆ ಜಾಗಕ್ಕೆ ಅದೇ ಪಕ್ಷದ ಡೀಟರ್ ರೈಟರ್ ಬಂದ್ರು. ಇವರು ತಾನು ಮೈಕ್ರೋಸಾಫ್ಟ್ ಅಭಿಮಾನಿ ಅಂತ ತಾವೇ ಹೇಳ್ಕೊಂಡಿದ್ದವರು. ಇದರ ನಡುವೆ ಮೈಕ್ರೋಸಾಫ್ಟ್ ತನ್ನ ಜರ್ಮನಿ ಮುಖ್ಯ ಕಚೇರಿಯನ್ನ ಪಕ್ಕದ ಪಟ್ಟಣದಿಂದ ಮ್ಯೂನಿಕ್ ನಗರದ ಒಳಗೇ ತರೋದಾಗಿ ಹೇಳಿ, 2016ರಲ್ಲಿ ತಂತು. ಎರಡಕ್ಕೂ ಸಂಬಂಧ ಇದೆ ಅಂತ ಟೀಕಾಕಾರರು ಕೂಗಿದ್ರು, ಇಲ್ಲ ಅಂತ ನಗರ ಹೇಳ್ತು. ಅದರ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ.

ನನಗೆ ಮುಖ್ಯ ಅನ್ಸೋದು ನೌಕರರ ದೂರುಗಳು. ಹೊರಗಿನಿಂದ ಬಂದ ವರ್ಡ್ ಫೈಲ್ ಓಪನ್ ಮಾಡಿದ್ರೆ ಅಕ್ಷರ, ಟೇಬಲ್ ಆಚೀಚೆ ಆಗ್ತಿತ್ತು. ಮೇಲ್, ಕ್ಯಾಲೆಂಡರ್, ಮೊಬೈಲ್ ಒಂದಕ್ಕೊಂದು ಹೊಂದ್ತಿರಲಿಲ್ಲ. ಕೆಲವು ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡ್ತಿದ್ದರಿಂದ ಒಂದಷ್ಟು ವಿಂಡೋಸ್ ಮೆಷಿನ್ ಉಳಿಸಿಕೊಂಡೇ ಇರಬೇಕಾಯ್ತು, ಹಾಗಾಗಿ ಎರಡೂ ಸಂಸಾರ ನಡೆಸಬೇಕು. ಹತ್ತು ವರ್ಷ ಒಂದೇ ಬಟನ್ ಒತ್ತಿ ಕಣ್ಣುಮುಚ್ಚಿ ಕೆಲಸ ಮಾಡ್ತಿದ್ದ ಗುಮಾಸ್ತರಿಗೆ ದಿಢೀರ್ ಅಂತ ಹೊಸಬರಾದ ಹಾಗೆ. ಕೌಂಟರ್ ಮುಂದೆ ಜನ ನಿಂತಿರುವಾಗ ಅವರಿಗೆ ಸಾಫ್ಟ್‌ವೇರ್ ಸ್ವಾತಂತ್ರ್ಯದ ಪಾಠ ಬೇಕಿಲ್ಲ, ಪ್ರಿಂಟ್ ಬರಬೇಕು ಅಷ್ಟೇ.

ಆದರೆ ಈ ದೂರುಗಳಲ್ಲಿ ಎಷ್ಟು ಲಿನಕ್ಸ್‌ನ ತಪ್ಪು? ಮೇಲ್ ಸರ್ವರ್ ಬೇರೆ, ಟೇಬಲ್ ಮೇಲಿನ ಆಪರೇಟಿಂಗ್ ಸಿಸ್ಟಮ್ ಬೇರೆ. ನಗರವೇ ಕರೆಸಿದ ಅಕ್ಸೆಂಚರ್, ಅಂದ್ರೆ ಮೈಕ್ರೋಸಾಫ್ಟ್‌ನ ಪಾಲುದಾರ ಕಂಪನಿಯೇ, 2016ರ ವರದಿಯಲ್ಲಿ ದೊಡ್ಡ ಸಮಸ್ಯೆ ಇರೋದು ಐಟಿ ವಿಭಾಗಗಳ ವ್ಯವಸ್ಥೆಯಲ್ಲಿ ಅಂತ ಹೇಳ್ತು. ಜವಾಬ್ದಾರಿ ಹಲವು ಕಡೆ ಹಂಚಿಹೋಗಿತ್ತು. ಆದ್ರೆ ಜನರಿಗೆ ಕಣ್ಣಿಗೆ ಕಾಣೋದು ಸ್ಕ್ರೀನ್ ಒಂದೇ, ಹಾಗಾಗಿ ಬೈಗುಳ ಎಲ್ಲ ಅದಕ್ಕೇ ಬಿತ್ತು.

2017ರ ಫೆಬ್ರವರಿಯಲ್ಲಿ ನಗರ ಸಭೆ ವಾಪಸ್ ವಿಂಡೋಸ್ ಕಡೆಗೆ ಮತ ಹಾಕ್ತು. ನವೆಂಬರ್‌ನಲ್ಲಿ ಅಂತಿಮ ಒಪ್ಪಿಗೆ ಕೊಡ್ತು. ವಿಂಡೋಸ್ 10 ಹಾಕೋ ಕೆಲಸಕ್ಕೇ ಸುಮಾರು 5 ಕೋಟಿ ಯೂರೋ ಅಂದಾಜು. ಈಗ ಲೆಕ್ಕ ನೋಡಿ. ಹೋಗೋಕೂ ಖರ್ಚು, ಬರೋಕೂ ಖರ್ಚು. ಎರಡು ಸಲ ಟೆಂಪೋ ಬಾಡಿಗೆ ಕೊಟ್ಟಿದ್ದು ಮ್ಯೂನಿಕ್‌ನ ತೆರಿಗೆದಾರ. ಅವರು ಯಾವ ವಿಂಡೋಸ್‌ಗೆ ವಾಪಸ್ ಬಂದ್ರೋ, ಎಪಿಸೋಡ್ ಶುರುವಲ್ಲಿ ಹೇಳಿದೆನಲ್ಲ, ಅದೇ ವಿಂಡೋಸ್ 10 ಸಪೋರ್ಟ್ ಈಗ ಮುಗಿದಿರೋದು.

ಕಥೆ ಇಲ್ಲಿಗೂ ನಿಲ್ಲಲ್ಲ. 2020ರ ಚುನಾವಣೆ ಆದ್ಮೇಲೆ ಮ್ಯೂನಿಕ್‌ನಲ್ಲಿ ಗ್ರೀನ್ಸ್ ಮತ್ತು ಎಸ್‌ಪಿಡಿ ಮೈತ್ರಿ ಬಂತು. ಸಾಧ್ಯ ಇರೋ ಕಡೆಯೆಲ್ಲ ಓಪನ್ ಸೋರ್ಸ್ ಬಳಸ್ತೀವಿ, ಜನರ ದುಡ್ಡಲ್ಲಿ ಬರೆದ ಕೋಡ್ ಜನರಿಗೇ ಸಿಗಬೇಕು ಅಂತ ಒಪ್ಪಂದದಲ್ಲಿ ಬರೆದ್ರು. ಜರ್ಮನಿಯ ಉತ್ತರ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30 ಸಾವಿರ ಸರ್ಕಾರಿ ಕಂಪ್ಯೂಟರ್‌ಗಳನ್ನ ಮೈಕ್ರೋಸಾಫ್ಟ್‌ನಿಂದ ಹೊರಗೆ ತರೋ ನಿರ್ಧಾರ ಪ್ರಕಟಿಸ್ತು. ಅವರ ಕ್ರಮ ಗಮನಿಸಿ. ಆಫೀಸ್ ಫೈಲ್‌ಗಳು ಲಿಬ್ರೆಆಫೀಸ್‌ಗೆ, ಮೇಲ್ ಮತ್ತು ಕ್ಯಾಲೆಂಡರ್ ಓಪನ್ ಸೋರ್ಸ್‌ಗೆ, ಮೇಲ್ ಕೆಲಸ 2025ರ ಅಕ್ಟೋಬರ್‌ನಲ್ಲಿ ಮುಗೀತು. ಇಡೀ ಆಡಳಿತಕ್ಕೆ ಲಿನಕ್ಸ್ ಅನ್ನೋದು ಅದಾದ್ಮೇಲಿನ ಹೆಜ್ಜೆ. ಮ್ಯೂನಿಕ್‌ನಲ್ಲಿ ಜನ ಎಲ್ಲಿ ಎಡವಿದ್ರೋ, ಇಲ್ಲಿ ಆ ಜಾಗ ಮೊದಲು ಸರಿಮಾಡ್ತಿದ್ದಾರೆ. ಗೆಲ್ತಾರಾ ಇಲ್ವಾ, ಹತ್ತು ವರ್ಷ ಬಿಟ್ಟು ಇನ್ನೊಂದು ಎಪಿಸೋಡ್ ಮಾಡೋಣ.

ಮ್ಯೂನಿಕ್ ಕಥೆಯನ್ನ ಲಿನಕ್ಸ್ ಸೋತ ಕಥೆ ಅಂತ ಒಂದು ಗುಂಪು ಹೇಳುತ್ತೆ, ರಾಜಕೀಯ ಗೆದ್ದ ಕಥೆ ಅಂತ ಇನ್ನೊಂದು ಗುಂಪು. ನನಗೆ ಅರ್ಥ ಆಗಿದ್ದು ಬೇರೆ. ಅವರು ತೀರ ತಡವಾಗಿ ಬಾಗಿಲು ಹುಡುಕೋಕೆ ಹೊರಟ್ರು. ಒಳಗೆ ಹೋಗುವಾಗಲೇ ಹೊರಗೆ ಬರೋ ದಾರಿ ಯಾವುದು ಅಂತ 1990ರ ದಶಕದಲ್ಲಿ ಯಾರೂ ಕೇಳಿರಲಿಲ್ಲ, ಆ ಪ್ರಶ್ನೆಯ ಬಿಲ್ ಇಪ್ಪತ್ತು ವರ್ಷ ಬರ್ತಾನೇ ಇತ್ತು.

ನಿಮ್ಮ ಹಳೇ ಲ್ಯಾಪ್‌ಟಾಪ್‌ಗೂ ಇದೇ ಅನ್ವಯ. ಲಿನಕ್ಸೋ ವಿಂಡೋಸೋ ಅಂತ ಕಿತ್ತಾಡೋಕೆ ಮುಂಚೆ ಒಂದು ಪೇಪರ್ ತಗೊಳ್ಳಿ. ದಿನಾ ಬಳಸೋ ಫೈಲ್‌ಗಳು ಯಾವ ಫಾರ್ಮ್ಯಾಟ್‌ನಲ್ಲಿವೆ, ಪ್ರಿಂಟರ್ ಯಾವುದು, ಕನ್ನಡ ಟೈಪ್ ಮಾಡೋದು ಯಾವುದರಲ್ಲಿ, ಅಕೌಂಟ್ಸ್ ಸಾಫ್ಟ್‌ವೇರ್ ಎಲ್ಲಿ ಓಡುತ್ತೆ, ಎಲ್ಲ ಬರೀರಿ. ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು, ಇನ್‌ಸ್ಟಾಲ್ ಮಾಡೋದೇನೂ ಬೇಡ. ಇವತ್ತು ಫೋನ್ ಆಗಲಿ, ಕ್ಲೌಡ್ ಆಗಲಿ, ಫೋಟೋ ಆ್ಯಪ್ ಆಗಲಿ, ಹೊಸದಾಗಿ ಸೈನ್ ಇನ್ ಮಾಡುವಾಗ ಒಂದು ಸಲ ಕೇಳ್ಕೊಳ್ಳಿ: ನಾಳೆ ನಾನು ಹೊರಟ್ರೆ ನನ್ನ ಸಾಮಾನು ನನ್ನ ಜೊತೆ ಬರುತ್ತಾ?

ನೀವು ಕೆಲಸ ಮಾಡೋ ಕಡೆ ಇಂಥ ಬದಲಾವಣೆ ಆಗಿದ್ರೆ ಕಾಮೆಂಟ್‌ನಲ್ಲಿ ಬರೀರಿ, ಓದ್ತೀನಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ.