ಬಾದಾಮಿ-ಹುನಗುಂದ ಸೀಮೆಯಲ್ಲಿ ಸ್ತ್ರೀಯರ ಆರೋಗ್ಯಸೇವೆ: ಒಂದು ಪರಿಶೀಲನೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ಚಾಲುಕ್ಯರ ಗುಹಾಲಯಗಳು, ಐಹೊಳೆಯ ರವಿಕೀರ್ತಿಯ ಶಾಸನ, ಕೂಡಲಸಂಗಮ ಮೊದಲಾದುವು ನೆನಪಿಗೆ ಬರುತ್ತವೆ. ಇದೇ ಸೀಮೆಯ ಹೆಣ್ಣುಮಕ್ಕಳು ಹೇಗೆ ಹೆತ್ತರು, ಅವರ ಬೇನೆಗೆ ಮದ್ದು ಕೊಟ್ಟವರು ಯಾರು, ಮುಪ್ಪಿನಲ್ಲಿ ಅವರನ್ನು ನೋಡಿಕೊಂಡವರು ಯಾರು ಎಂಬ ಪ್ರಶ್ನೆಗಳನ್ನು ನಮ್ಮ ಇತಿಹಾಸಗ್ರಂಥಗಳು ಎತ್ತಿರುವುದು ವಿರಳ. ಅರಸನ ದತ್ತಿಗೆ ಶಿಲಾಶಾಸನವುಂಟು; ಸೂಲಗಿತ್ತಿ ತನ್ನ ವಿದ್ಯೆಯನ್ನು ಮಗಳಿಗೋ ಸೊಸೆಗೋ ಬಾಯಿಂದ ಬಾಯಿಗೆ ದಾಟಿಸಿ ಹೋದಳು. ಸರಕಾರದ ಸೇವೆಗಳು ಈ ಸೀಮೆಗೆ ಬಂದ ಕ್ರಮವನ್ನು ನೋಡಿದರೆ, ಅವು ಹೆಣ್ಣಿನ ಬಾಳಿನ ಎಲ್ಲ ಹಂತಗಳನ್ನೂ ಒಟ್ಟಾಗಿ ಕಂಡದ್ದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಸಾಕ್ಷ್ಯವೆಂದು ಮೊದಲು ಕಣ್ಣಿಗೆ ಬೀಳುವುದು ಲಜ್ಜಾಗೌರಿಯ ವಿಗ್ರಹ. ಬಾದಾಮಿಯ ಸಮೀಪದ ನಾಗನಾಥಕೊಳ್ಳದಲ್ಲಿ ದೊರೆತು, ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಚಾಲುಕ್ಯರ ಕಾಲದ ಶಿಲ್ಪದಲ್ಲಿ ದೇವಿಗೆ ಶಿರಸ್ಸಿನ ಸ್ಥಾನದಲ್ಲಿ ಕಮಲವಿದೆ. ಕಾಲುಗಳು ಎರಡು ಪಕ್ಕಗಳಿಗೂ ಮಡಿಚಿಕೊಂಡಿವೆ. ಐಹೊಳೆಯ ಬಳಿಯ ಸಿದ್ಧನಕೊಳ್ಳದಲ್ಲಿ ಇಂತಹುದೇ ದೇವಿಗೆ ಸಂತಾನಾಪೇಕ್ಷಿಗಳು ಇಂದಿಗೂ ಹರಕೆ ಹೊರುತ್ತಾರೆ. ಈ ಭಂಗಿ ಪ್ರಸವದ್ದೋ ಫಲವಂತಿಕೆಯ ಸಂಕೇತವೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅದೇನೇ ಇರಲಿ, ಇದು ಹಂಬಲದ ಸಾಕ್ಷ್ಯವೇ ಹೊರತು ಶುಶ್ರೂಷೆಯ ಸಾಕ್ಷ್ಯವಲ್ಲ. ಶುಶ್ರೂಷೆಯ ಸಾಕ್ಷ್ಯಕ್ಕಾಗಿ ನಾವು ದೂರ ಹೋಗಬೇಕಾಗುತ್ತದೆ. ಕಾಕತೀಯರ ರಾಣಿ ರುದ್ರಮದೇವಿಯ ಕಾಲದ, ಆಂಧ್ರದ ಮಲ್ಕಾಪುರಂ ಶಾಸನದಲ್ಲಿ (ಕ್ರಿ. ಶ. 1261) ಗೋಳಕೀಮಠದ ದತ್ತಿಯಿಂದ ನಡೆಯುತ್ತಿದ್ದ ಆರೋಗ್ಯಶಾಲೆಯೊಂದಿಗೆ ಪ್ರಸೂತಿಶಾಲೆಯೂ ಉಕ್ತವಾಗಿದೆ.

ಶಾಸನ ಹೇಳದಿದ್ದುದನ್ನು ಆಚಾರ ಹೇಳುತ್ತದೆ. ಈ ಸೀಮೆಯ ಮನೆಗಳಲ್ಲಿ ಹೆಣ್ಣಿನ ಒಂದೊಂದು ಹಂತಕ್ಕೂ ಒಂದೊಂದು ಉಪಚಾರವುಂಟು. ಮೈನೆರೆದ ಹುಡುಗಿಯನ್ನು ಕೂಡಿಸಿ, ಸೋಬಾನೆ ಹಾಡಿ, ಕೊಬ್ಬರಿ ಬೆಲ್ಲ ತಿನ್ನಿಸುವರು. ಬಸುರಿಗೆ ತವರಿನವರು ಕುಬಸ ಮಾಡುವರು; ಹಸಿರು ಬಳೆ ತೊಡಿಸಿ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಕೊಟ್ಟು ಉಡಿ ತುಂಬುವರು. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಹೆತ್ತ ಮೇಲೆ ಬಿಸಿನೀರಿನ ಸ್ನಾನ, ಹೊಗೆ, ಅಳವಿಯ ಪಾಯಸ, ಅಂಟಿನುಂಡೆ, ಶುಂಠಿ ಬೆಲ್ಲ. ಇದರಲ್ಲಿ ಹಿತವಾದದ್ದು ಬಹಳ ಉಂಟು: ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಅತ್ತೆಯ ಮನೆಯ ದುಡಿತದಿಂದ ಬಿಡುಗಡೆ. ಆದರೆ ಬಾಣಂತಿಗೆ ನೀರು ಕೊಡದಿರುವುದು, ಶುಚಿಮಾಡದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ಯುವುದು ಎಷ್ಟು ಪ್ರಾಣಗಳನ್ನು ಒಯ್ದಿರಬಹುದು! ಬಾಣಂತಿಯ ನಂಜು, ಬಾಣಂತಿಯ ಸನ್ನಿ ಎಂಬ ಮಾತುಗಳು ಭಾಷೆಯಲ್ಲಿ ನೆಲೆನಿಂತಿರುವುದೇ ಅದಕ್ಕೆ ಗುರುತು. ಹಳೆಯದನ್ನೆಲ್ಲ ಕೊಂಡಾಡುವ ಇತ್ತೀಚಿನ ಒಲವು ನಮಗೆ ಒಪ್ಪಿಗೆಯಲ್ಲ.

ಆಂಗ್ಲರ ಆಳ್ವಿಕೆಯಲ್ಲಿ ಈ ಪ್ರದೇಶವು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳವನ್ನು ಕಲಾದಗಿಯಿಂದ ವಿಜಾಪುರಕ್ಕೆ ವರ್ಗಾಯಿಸಲಾಯಿತು. ಅದಕ್ಕೆ ಒಂದು ವರ್ಷ ಮೊದಲು, 1884ರಲ್ಲಿ, ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ ವಿಜಾಪುರ ಗ್ಯಾಝೆಟಿಯರ್ ಪ್ರಕಟವಾಯಿತು. ಇದರ ರಚನೆಯೇ ಒಂದು ಸಂಗತಿಯನ್ನು ಸೂಚಿಸುತ್ತದೆ. ಹೆರಿಗೆಯ ಆಚಾರಗಳೂ ಸೂಲಗಿತ್ತಿಯೂ ಕಾಣಸಿಗುವುದು ಜಾತಿಗಳನ್ನು ವರ್ಣಿಸುವ ಜನವರ್ಗಗಳ ಅಧ್ಯಾಯದಲ್ಲಿ. ದವಾಖಾನೆ, ಜ್ವರ, ದೇವಿ ಹಾಕುವಿಕೆ, ಜನನಮರಣಗಳ ಲೆಕ್ಕ ಇವಕ್ಕೆ ಆರೋಗ್ಯದ ಅಧ್ಯಾಯವೇ ಬೇರೆ. ಅಂದರೆ ಹೆರಿಗೆಯು ಆಳುವವರ ದೃಷ್ಟಿಯಲ್ಲಿ ಆರೋಗ್ಯದ ವಿಷಯವಾಗಿರದೆ ಜಾತಿಯ ರೂಢಿಯಾಗಿದ್ದಿತು.

ಈ ದೃಷ್ಟಿ ಬದಲಾಗತೊಡಗಿದ್ದು ಆ ದಶಕದಲ್ಲಿಯೇ. 1885ರಲ್ಲಿ ಡಫರಿನ್ ನಿಧಿಯೂ, ಸೂಲಗಿತ್ತಿಯರ ಶಿಕ್ಷಣಕ್ಕೆಂದು 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿಯೂ ಸ್ಥಾಪಿತವಾದುವು. ಮುಂಬಯಿ ಪ್ರಾಂತದಲ್ಲಿ ದಾದಿಯರು ಮತ್ತು ಸೂಲಗಿತ್ತಿಯರ ನೋಂದಣಿಗೆ 1935ರಲ್ಲಿ ಕಾಯಿದೆ ಬಂದಿತು. ಆದರೆ ಇವುಗಳ ಫಲವನ್ನು ಮೊದಲು ಉಂಡವು ಪಟ್ಟಣಗಳು. 1946ರ ಭೋರ್ ಸಮಿತಿಯ ವರದಿಯ ಅಂದಾಜಿನಂತೆ, ದೇಶದಲ್ಲಿ ಪ್ರತಿ ಸಾವಿರ ಜನನಗಳಿಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನನಿಯಂತ್ರಣದ ಸರಕಾರಿ ಚಿಕಿತ್ಸಾಲಯಗಳನ್ನು ತೆರೆದಿದ್ದಿತು. ನಮ್ಮ ಸೀಮೆಯಾದರೋ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಆ ಕ್ರಮದ ಹೊರಗೆ ಉಳಿಯಿತು.

ಸ್ವಾತಂತ್ರ್ಯಾನಂತರದ ಕಥೆ ವಿದ್ಯಾರ್ಥಿಗಳಿಗೆ ಪರಿಚಿತವೇ. 1952ರಲ್ಲಿ ಸಮುದಾಯ ವಿಕಾಸ ಯೋಜನೆಯೂ ಕುಟುಂಬ ಯೋಜನೆಯ ರಾಷ್ಟ್ರೀಯ ಕಾರ್ಯಕ್ರಮವೂ ಪ್ರಾರಂಭವಾದುವು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಳಿಗೆ ಬಂದುವು. 1977ರ ಅನಂತರ ಶಸ್ತ್ರಚಿಕಿತ್ಸೆಯ ಭಾರವೆಲ್ಲ ಹೆಚ್ಚುಕಡಿಮೆ ಹೆಂಗಸರ ಮೇಲೆಯೇ ಬಿದ್ದಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗಗಳನ್ನು ಆವರಿಸಲು ನವನಗರ ಬೆಳೆಯಿತು. ಜಿಲ್ಲಾ ಆಸ್ಪತ್ರೆ ಅಲ್ಲಿಯೇ ಇದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆ ಹಳ್ಳಿಯ ಓಣಿಗೆ ಬಂದಳು. 2007ರ 'ಮಡಿಲು' ಯೋಜನೆಯಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಹೊದಿಕೆ, ಸಾಬೂನು, ಮಗುವಿನ ಬಟ್ಟೆ ಮೊದಲಾದುವನ್ನು ಕೊಡಲಾಯಿತು. ಹೆಸರೂ ಕ್ರಿಯೆಯೂ ತವರಿನವರು ಉಡಿ ತುಂಬುವುದನ್ನೇ ನೆನಪಿಸುತ್ತವೆ. ಸರಕಾರವು ತವರಿನ ಸ್ಥಾನದಲ್ಲಿ ನಿಂತುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ಕಾಣದು. ಖಾಸಗಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಹೆರಿಗೆಯನ್ನು ಒದಗಿಸಿದ 'ತಾಯಿ ಭಾಗ್ಯ'ವನ್ನು ಮೊದಲು ಜಾರಿಗೆ ತಂದ ಹಿಂದುಳಿದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಕರ್ನಾಟಕದಲ್ಲಿ ಲಕ್ಷ ಜನನಗಳಿಗೆ ತಾಯಂದಿರ ಮರಣ 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಇಸವಿಗಳನ್ನು ಮತ್ತೊಮ್ಮೆ ಸಾಲಾಗಿ ನೋಡಬೇಕು. ಹೆರಿಗೆಗೆ ನಿಧಿ 1885ರಲ್ಲಿ, ಸಂತಾನನಿಯಂತ್ರಣ 1952ರಲ್ಲಿ, ಅಂಗನವಾಡಿಯ ಮೂಲಕ ಶಿಶುವಿನ ಆಹಾರ 1975ರಿಂದ. ಕಿಶೋರಿಯರಿಗೆ ಮುಟ್ಟಿನ ಬಟ್ಟೆಗೆ ಬದಲಾಗಿ ಪ್ಯಾಡು ಕೊಡುವ 'ಶುಚಿ' ಯೋಜನೆ ಬಂದುದು 2013-14ರಲ್ಲಿ. ಅದೂ ನಡುವೆ ಕೆಲವು ವರ್ಷ ನಿಂತು 2024ರಲ್ಲಿ ಪುನಃ ಆರಂಭವಾಯಿತು. 30 ವರ್ಷ ದಾಟಿದ ಸ್ತ್ರೀಯರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರನ್ನು ಹುಡುಕುವ ತಪಾಸಣೆಗೆ ಕೇಂದ್ರ ಸರಕಾರವು ಕ್ರಮಬದ್ಧ ಸೂಚನೆ ಕೊಟ್ಟುದು 2016ರಲ್ಲಿ. ಮನೆಯ ಆಚಾರವು ಮೈನೆರೆಯುವುದರಿಂದ ಮೊದಲ್ಗೊಂಡಿತು. ಸರಕಾರವು ಹೆರಿಗೆಯಿಂದ ಮೊದಲ್ಗೊಂಡಿತು. ಹೆಣ್ಣನ್ನು ಅದು ಮೊದಲು ಕಂಡದ್ದು ತಾಯಿಯಾಗಿ. ಹುಡುಗಿಯಾಗಿ ಮತ್ತು ಮುದುಕಿಯಾಗಿ ಕಂಡದ್ದು ಬಹಳ ತಡವಾಗಿ. ಮುಪ್ಪಿನ ವಿಷಯದಲ್ಲಿ ಆಚಾರವೂ ಮೌನವಾಗಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಮುಟ್ಟು ನಿಂತ ಹೆಂಗಸಿಗೆ ಹಾಡೂ ಇಲ್ಲ, ಉಡಿಯೂ ಇಲ್ಲ. ವಿಧವೆಗಂತೂ ಇದ್ದ ಹಸಿರು ಬಳೆಯೂ ಹೋಗುತ್ತಿದ್ದಿತು.

ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಇದರ ಅರ್ಥ ತಿಳಿಯುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತು ನೇಯುವುದು, ಕಂಡಿಕೆ ಸುತ್ತುವುದು, ಸೆರಗಿನ ಹಾಸನ್ನು ಸೀರೆಯ ಹಾಸಿಗೆ ಎಳೆಯೆಳೆಯಾಗಿ ಕೂಡಿಸುವುದು ಇವೆಲ್ಲ ಕಣ್ಣಿನ, ಸೊಂಟದ, ಮೊಣಕಾಲಿನ ದುಡಿತ. ಅಲ್ಲಿಯ ವೃದ್ಧೆಯರನ್ನು ನಾವು ಆರೋಗ್ಯದ ವಿಚಾರ ಕೇಳಿದಾಗ, ಹೆರಿಗೆಗಳನ್ನು ಎರಡು ಮಾತಿನಲ್ಲಿ ಮುಗಿಸಿ ಸೊಂಟದ ನೋವನ್ನೂ ಕಣ್ಣಿನ ಮಂಜನ್ನೂ ಬಹಳ ಹೊತ್ತು ಹೇಳಿದರು. ಅವರ ಹೆರಿಗೆಗಳಲ್ಲಿ ಕೆಲವಾದರೂ ಸರಕಾರದ ದಫ್ತರದಲ್ಲಿ ಸಿಕ್ಕಬಹುದು. ನೋವಿನ ಲೆಕ್ಕ ಅಲ್ಲಿ ಸಿಕ್ಕುವುದು ಕಷ್ಟ. ಉಪಕೇಂದ್ರದ ನರ್ಸಬಾಯಿ ಬರೆದಿಡುವ 'ಅರ್ಹ ದಂಪತಿ'ಗಳ ದಾಖಲೆಯಲ್ಲಿ ಹೆಂಗಸಿನ ಹೆಸರು ಇರುವುದು 49ನೆಯ ವಯಸ್ಸಿನವರೆಗೆ ಮಾತ್ರ.