‘ಮರ್ಮರ್’: ಒಂದು ಪ್ರಥಮ ಧ್ವನಿಮುದ್ರಿಕೆಯ ವೃತ್ತಾಂತ

ಸಂಸ್ಕೃತದಲ್ಲಿ ಎಲೆಗಳ ಹಾಗೂ ವಸ್ತ್ರಗಳ ಸಪ್ಪಳಕ್ಕೆ ‘ಮರ್ಮರ’ವೆಂದು ಹೆಸರು. ಇದೇ ದನಿಯ ‘ಮರ್ಮರ್’ ಎಂಬ ಇಂಗ್ಲಿಷ್ ಶಬ್ದವನ್ನು ತನ್ನ ಮೊದಲ ಪೂರ್ಣ ಧ್ವನಿಮುದ್ರಿಕೆಗೆ ಇಟ್ಟ ರಾಕ್ ವಾದ್ಯಮೇಳವೊಂದುಂಟು. ಅದು ಅಮೆರಿಕದ ಜಾರ್ಜಿಯಾ ಪ್ರಾಂತದ ಏಥೆನ್ಸ್ ಎಂಬ ವಿದ್ಯಾಪೀಠದ ಊರಿನಲ್ಲಿ 1980ರಲ್ಲಿ ನಾಲ್ವರು ತರುಣರು ಕೂಡಿ ಕಟ್ಟಿದ ‘ಆರ್.ಇ.ಎಂ.’

ಇವರ ಹಾಡುಗಳನ್ನು ಪ್ರಕಟಿಸಲೊಪ್ಪಿದ ಐ.ಆರ್.ಎಸ್. ಎಂಬ ಸಣ್ಣ ಸಂಸ್ಥೆಯು ಮೊದಲು ಸ್ಟೀಫನ್ ಹೇಗ್ ಎಂಬ ನಿರ್ಮಾಪಕನನ್ನು ನೇಮಿಸಿತು. ಆತನು ತಾಳವು ಯಂತ್ರದಂತೆ ನಿಖರವಾಗಿರಬೇಕೆಂದು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿಸಿದನು. ಮೇಲೆ ಕೃತಕ ವಾದ್ಯಧ್ವನಿಗಳನ್ನೂ ಬೆರೆಸಿದನು. ತರುಣರಿಗೆ ಇದು ರುಚಿಸಲಿಲ್ಲ. ತಮ್ಮ ಪೂರ್ವಪರಿಚಿತನಾದ ಮಿಚ್ ಈಸ್ಟರನೇ ಬೇಕೆಂದು ಅವರು ಕೇಳಿದರು. ಸಂಸ್ಥೆಯು ಒಂದು ಹಾಡನ್ನು ಪರೀಕ್ಷಾರ್ಥವಾಗಿ ಮಾಡಿಸಿ, ಕೇಳಿ, ಒಪ್ಪಿತು. ಈಸ್ಟರ್ ಮತ್ತು ಡಾನ್ ಡಿಕ್ಸನ್ ಇಬ್ಬರೂ ಸೇರಿ 1983ರ ಆದಿಯಲ್ಲಿ ಷಾರ್ಲೆಟ್ ನಗರದಲ್ಲಿ ಮುದ್ರಣವನ್ನು ಮುಗಿಸಿದರು. ಏಪ್ರಿಲಿನಲ್ಲಿ ಅದು ಹೊರಬಂದಿತು.

ಗಾಯಕನಾದ ಮೈಕೆಲ್ ಸ್ಟೈಪನ ಉಚ್ಚಾರಣೆಯು ಅಸ್ಫುಟ. ಪದಗಳು ವಾದ್ಯಗಳ ನಡುವೆ ಮರೆಯಾಗುತ್ತವೆ. ಅರ್ಥವೇ ತಿಳಿಯದುದು ಹಾಡೆಂತಾದೀತು ಎಂದು ವಾಚಕರು ಕೇಳಬಹುದು. ನಮ್ಮ ರಾಗಾಲಾಪನೆಯಲ್ಲಿ ಸಾಹಿತ್ಯವೆಲ್ಲಿದೆ? ಆದರೂ ಭಾವವು ಶ್ರೋತೃವನ್ನು ಮುಟ್ಟದೆ ಇರುವುದಿಲ್ಲವಷ್ಟೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಇದನ್ನೇ ಆ ವರ್ಷದ ಶ್ರೇಷ್ಠ ಕೃತಿಯೆಂದು ಆರಿಸಿದರು. ಮಾರಾಟದ ಪಟ್ಟಿಯಲ್ಲಿ ಮಾತ್ರ ಅದು 36ನೆಯ ಸ್ಥಾನವನ್ನು ದಾಟಲಿಲ್ಲ.

ಹೊಸಬರಿಗೆ ಅವಕಾಶವನ್ನು ಕೊಟ್ಟವರು ಅವರ ಧ್ವನಿಯನ್ನೂ ತಿದ್ದಹೊರಡುವುದು ಲೋಕರೂಢಿ. ಕೊಟ್ಟವರೊಡನೆ ಜಗಳವಾಡದೆ, ತಮ್ಮ ಧ್ವನಿಯನ್ನೂ ಬಿಡದೆ ನಿಂತ ಈ ಮೇಳವು 2011ರವರೆಗೆ ಬಾಳಿತು.